ಪತ್ರಾ ಹಾರುವುದು ಎಷ್ಟು ಗಾಳಿಗೆ?

ಮೇ ತಿಂಗಳು ಬಂತೆಂದರೆ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಒಂದೇ ಮಾತು, ಟೆರೇಸಿನ ಪತ್ರಾ. ಊರಲ್ಲಿ ನಾವು ತಗಡು, ಶೀಟು ಅನ್ನುವುದಕ್ಕೆ ಇಲ್ಲಿ ಪತ್ರಾ. ಹಳೆಯ ಬಿಲ್ಡಿಂಗು, ಮಳೆಗಾಲದಲ್ಲಿ ಸ್ಲ್ಯಾಬ್ ಸೋರುತ್ತದೆ. ವಾಟರ್‌ಪ್ರೂಫಿಂಗ್ ಮಾಡಿಸಿ ಮಾಡಿಸಿ ಸುಸ್ತಾದವರು ಕೊನೆಗೆ ಟೆರೇಸಿನ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಪತ್ರಾ ಹೊದೆಸಿಬಿಡುತ್ತಾರೆ. ಠಾಣೆ ದಾಟಿದ ಮೇಲೆ ಲೋಕಲ್ ಟ್ರೇನಿನಿಂದ ನೋಡಿ, ಬಿಲ್ಡಿಂಗ್‌ಗಳ ತಲೆಯ ಮೇಲೆಲ್ಲ ಪತ್ರಾ ಟೋಪಿ.

ನಮ್ಮದು ತುಕ್ಕು ಹಿಡಿದಿತ್ತು. ಹೊಸತು ಹಾಕಿಸುವ ಮೀಟಿಂಗಿನಲ್ಲಿ ನಾನು ಒಂದೇ ಪ್ರಶ್ನೆ ಕೇಳಿದೆ, "ಇದು ಎಷ್ಟು ಗಾಳಿಗೆ ನಿಲ್ಲುತ್ತದೆ?" ಕಾಂಟ್ರ್ಯಾಕ್ಟರ್ ನಕ್ಕ. "ಕಾಹೀ ಹೋಣಾರ್ ನಾಹೀ ಕಾಕಾ, ವಜನ್‌ದಾರ್ ಆಹೇ" ಅಂದ. ಏನೂ ಆಗಲ್ಲ, ಭಾರ ಇದೆ ಅಂತ. ಕಮಿಟಿಯವರು ತಲೆಯಾಡಿಸಿದರು. ನಾನೋ ಮೂವತ್ತು ವರ್ಷ ಫ್ಯಾಕ್ಟರಿಯ ಇನ್‌ಸ್ಟ್ರುಮೆಂಟ್ ಸೆಕ್ಷನ್ನಿನಲ್ಲಿ ಡಕ್ಟಿನೊಳಗಿನ, ಅಂದರೆ ದೊಡ್ಡ ಗಾಳಿ ಕೊಳವೆಗಳೊಳಗಿನ, ಗಾಳಿ ಅಳೆದವನು. ಸುಮ್ನೆ ಕೂರಲು ಆಗಲಿಲ್ಲ. ಲೆಕ್ಕ ಹಾಕಿ ತರುತ್ತೇನೆ ಅಂದೆ.

ಅವತ್ತು ಸಂಜೆ ಮುಲುಂಡಿನಿಂದ ತಂಗಿಯ ಮಗಳು ಬಂದಿದ್ದಳು. ಹನ್ನೆರಡನೇ ಕ್ಲಾಸು. ಅವಳ ಫಿಸಿಕ್ಸ್ ಪುಸ್ತಕದಲ್ಲೂ ಇದೇ ಪಾಠ. "ಮಾಮ, ಸೂತ್ರ ಬಾಯಿಪಾಠ ಇದೆ, ಆದರೆ ಏನು ಅಂತ ಗೊತ್ತಿಲ್ಲ" ಅಂದಳು. ಸರಿ, ಚಹಾ ಕುಡಿಯುತ್ತ ಇಬ್ಬರೂ ಕೂತೆವು.

ಪುಸ್ತಕದಲ್ಲಿ ಇದರ ಹೆಸರು ಡೈನಾಮಿಕ್ ಪ್ರೆಶರ್. ನಾವು ಗತಿ ಒತ್ತಡ ಎನ್ನೋಣ. ಇದಕ್ಕೊಬ್ಬ ಅಣ್ಣ ಇದ್ದಾನೆ, ಸ್ಥಿರ ಒತ್ತಡ. ಗಾಳಿ ಅಲುಗಾಡದೆ ನಿಂತಿದ್ದರೂ ನಮ್ಮನ್ನು ಎಲ್ಲ ಕಡೆಯಿಂದ ಒತ್ತುತ್ತಲೇ ಇರುತ್ತದೆ. ಸಮುದ್ರ ಮಟ್ಟದಲ್ಲಿ ಅದು 1 ಲಕ್ಷ ಪ್ಯಾಸ್ಕಲ್‌ಗಿಂತ ಸ್ವಲ್ಪ ಜಾಸ್ತಿ. ಒಂದು ಪ್ಯಾಸ್ಕಲ್ ಅಂದರೆ ತೀರಾ ಚಿಕ್ಕದು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಬಟ್ಟೆಯ ಮೇಲೆ 100 ಗ್ರಾಂ ಅವಲಕ್ಕಿ ಹರಡಿದರೆ ಬಟ್ಟೆಯ ಮೇಲೆ ಬೀಳುವ ಒತ್ತಡ ಹೆಚ್ಚುಕಡಿಮೆ ಅಷ್ಟೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಪ್ಯಾಸ್ಕಲ್ ಸಂಖ್ಯೆಯನ್ನು ಹತ್ತರಿಂದ (ನಿಖರವಾಗಿ ಬೇಕಾದರೆ 9.81ರಿಂದ) ಭಾಗಿಸಿದರೆ ಚದರ ಮೀಟರಿಗೆ ಎಷ್ಟು ಕೆಜಿ ಅನ್ನುವುದು ಸಿಗುತ್ತದೆ.

ಈಗ ಗಾಳಿ ಓಡತೊಡಗಿತು ಎನ್ನಿ. ಓಡುವ ವಸ್ತುವಿಗೆ ಓಟದ ಶಕ್ತಿ ಇರುತ್ತದೆ. ಗಾಳಿಗೂ ಇದೆ, ಏಕೆಂದರೆ ಗಾಳಿಗೂ ತೂಕ ಇದೆ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಒಂದು ಘನ ಮೀಟರ್ ಗಾಳಿ ಸುಮಾರು 1.2 ಕೆಜಿ ತೂಗುತ್ತದೆ. ಉದ್ದ, ಅಗಲ, ಎತ್ತರ ಹತ್ತತ್ತು ಅಡಿ ಇರುವ ಒಂದು ರೂಮಿನಲ್ಲಿ 34 ಕೆಜಿ ಗಾಳಿ ಇರುತ್ತದೆ. 25 ಕೆಜಿಯ ಒಂದು ಮೂಟೆ ಅಕ್ಕಿಗಿಂತ ಜಾಸ್ತಿಯೇ. ಅದು ಗಂಟೆಗೆ 36 ಕಿಮೀ ವೇಗದಲ್ಲಿ, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬಂದು ನಿಮಗೆ ಹೊಡೆದರೆ ಗೊತ್ತಾಗದೆ ಇರುತ್ತದಾ?

ಓಟದ ಶಕ್ತಿ ಎಷ್ಟು ಅನ್ನುವುದು ಶಾಲೆಯಲ್ಲೇ ಕಲಿತದ್ದು. ತೂಕದ ಅರ್ಧವನ್ನು ವೇಗದಿಂದ ಎರಡು ಸಲ ಗುಣಿಸಬೇಕು. ಒಂದು ಘನ ಮೀಟರ್ ಗಾಳಿಗೆ ಈ ಲೆಕ್ಕ ಹಾಕಿ. ½ × 1.2 × 10 × 10, ಬಂತು 60 ಜೂಲ್. ಒಂದು ಘನ ಮೀಟರಿಗೆ 60 ಜೂಲ್. ಇಲ್ಲೊಂದು ಚಂದ ಇದೆ. ಜೂಲ್ ಅಂದರೆ ಬಲದ ಅಳತೆಯಾದ ನ್ಯೂಟನ್ ಮತ್ತು ಮೀಟರಿನ ಗುಣಾಕಾರ. ಅದನ್ನು ಘನ ಮೀಟರಿನಿಂದ ಭಾಗಿಸಿದರೆ ಉಳಿಯುವುದು ಚದರ ಮೀಟರಿಗೆ ಇಷ್ಟು ನ್ಯೂಟನ್. ಅದೇ ಪ್ಯಾಸ್ಕಲ್. ಅಂದರೆ ಒಂದು ಡಬ್ಬ ಗಾಳಿಯ ಓಟದ ಶಕ್ತಿಯೇ ಗತಿ ಒತ್ತಡ, 60 ಪ್ಯಾಸ್ಕಲ್. ಒಂದು ಘನ ಮೀಟರಿನ ತೂಕಕ್ಕೆ ಸಾಂದ್ರತೆ ಅನ್ನುತ್ತಾರೆ. ಸೂತ್ರ ಇಷ್ಟೇ:

ಗತಿ ಒತ್ತಡ = ½ × ಸಾಂದ್ರತೆ × ವೇಗ × ವೇಗ

"ಅರ್ಧ ಯಾಕೆ ಮಾಮ?" ಅಂದಳು. ಒಳ್ಳೆಯ ಪ್ರಶ್ನೆ. ಓಡಿ ಬಂದ ಗಾಳಿ ನಿಮ್ಮ ಎದುರು ಬಂದು ನಿಲ್ಲಬೇಕು. ಪೂರ್ತಿ ವೇಗದಿಂದ ಸೊನ್ನೆಗೆ ಇಳಿಯುವಷ್ಟರಲ್ಲಿ ಅದು ಸಾಗುವ ದಾರಿ ಸರಾಸರಿ ವೇಗದ್ದು. ಹತ್ತರಿಂದ ಸೊನ್ನೆಗೆ ಒಂದೇ ಸಮನೆ ಇಳಿದರೆ ಸರಾಸರಿ ಐದು. ಆ ಅರ್ಧವೇ ಸೂತ್ರದಲ್ಲಿ ಕೂತಿರುವುದು.

"ನಿಲ್ಲಬೇಕು" ಅನ್ನುವ ಮಾತನ್ನು ಸ್ವಲ್ಪ ಗಮನಿಸಿ. ಎಲ್ಲರೂ ಎಡವುವುದು ಇಲ್ಲೇ. ಗತಿ ಒತ್ತಡ ಗಾಳಿಯ ಜೇಬಿನಲ್ಲಿರುವ ದುಡ್ಡಿನ ಹಾಗೆ. ಗಾಳಿ ತನ್ನ ಪಾಡಿಗೆ ಹೋಗುತ್ತಿರುವಾಗ ಅದು ಒತ್ತಡವಾಗಿ ಎಲ್ಲೂ ಕಾಣುವುದಿಲ್ಲ. ಯಾರಾದರೂ ಅಡ್ಡ ನಿಂತು ತಡೆದಾಗ ಮಾತ್ರ ಆ ಓಟದ ಶಕ್ತಿ ಒತ್ತಡವಾಗಿ ಹೊರಬೀಳುತ್ತದೆ. ಗಾಳಿಯ ಜೊತೆಗೇ ತೇಲಿ ಹೋಗುವ ಬಲೂನಿಗೆ ಗಾಳಿ ಗೊತ್ತೇ ಆಗುವುದಿಲ್ಲ.

ಆಮೇಲೆ ಅವಳೇ ಒಂದು ಲೆಕ್ಕ ಮಾಡಿದಳು. ಗಂಟೆಗೆ 60 ಕಿಮೀ ಗಾಳಿ. 0.6 × 60 × 60, ಉತ್ತರ 2160 ಪ್ಯಾಸ್ಕಲ್. ಚದರ ಮೀಟರಿಗೆ 216 ಕೆಜಿ! ಆ ಲೆಕ್ಕದಲ್ಲಿ ಜೂನ್ ತಿಂಗಳಲ್ಲಿ ಮರೀನ್ ಡ್ರೈವಿನಲ್ಲಿ ಒಬ್ಬರೂ ನಿಂತಿರಲು ಸಾಧ್ಯವಿಲ್ಲ. ತಪ್ಪು ಎಲ್ಲಿ? ಗಂಟೆಗೆ ಕಿಮೀ ಹಾಗೇ ಹಾಕಿಬಿಟ್ಟಿದ್ದಳು. ಮೊದಲು 3.6ರಿಂದ ಭಾಗಿಸಿ ಸೆಕೆಂಡಿಗೆ ಮೀಟರ್ ಮಾಡಿಕೊಳ್ಳಬೇಕು. 60 ಕಿಮೀ ಅಂದರೆ 16.7 ಮೀಟರ್. ಈಗ ಬರುವುದು 167 ಪ್ಯಾಸ್ಕಲ್. ವೇಗ ಎರಡು ಸಲ ಬರುವುದರಿಂದ 3.6ರ ತಪ್ಪು 13 ಪಟ್ಟಾಗಿ ಕೂರುತ್ತದೆ. ಪರೀಕ್ಷೆಯಲ್ಲಿ ಬಿಡಿ, ಡಿಪ್ಲೊಮಾ ಮುಗಿಸಿ ಬಂದ ಹುಡುಗರೂ ಇದೇ ತಪ್ಪು ಮಾಡುವುದನ್ನು ಕಂಡಿದ್ದೇನೆ.

ಈ "ಎರಡು ಸಲ" ಅನ್ನುವುದು ನಮ್ಮ ಅಂದಾಜಿಗೆ ಸಿಗುವುದಿಲ್ಲ. ಗಾಳಿ ಎರಡು ಪಟ್ಟಾದರೆ ಹೊಡೆತವೂ ಎರಡು ಪಟ್ಟು ಅಂತ ಮನಸ್ಸು ಹೇಳುತ್ತದೆ. ಕೊಡೆ ಹಿಡಿದು ನೋಡಿ. ಒಂದು ಮೀಟರ್ ಅಗಲದ ದೊಡ್ಡ ಕೊಡೆ. 20 ಕಿಮೀ ಗಾಳಿಗೆ ಅದನ್ನು ಎದುರಾಗಿ ಹಿಡಿದರೆ ಒಂದೂವರೆ ಕೆಜಿಯಷ್ಟು ಎಳೆತ. 40 ಕಿಮೀಗೆ ಆರು ಕೆಜಿ. 60 ಕಿಮೀಗೆ ಹದಿಮೂರು ಕೆಜಿ ದಾಟುತ್ತದೆ. ಬಟ್ಟಲಿನ ಆಕಾರ ಗಾಳಿಯನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ, ಅದನ್ನು ಸೇರಿಸಿದರೆ ಲೆಕ್ಕ ಮತ್ತೂ ಏರುತ್ತದೆ. ಅಷ್ಟು ಹೊತ್ತು ಸುಮ್ಮನಿದ್ದ ಕೊಡೆ ಒಂದೇ ಬೀಸಿಗೆ ಉಲ್ಟಾ ಆಗುವುದು ಇದಕ್ಕೇ.

ಸೂತ್ರದ ಇನ್ನೊಂದು ಭಾಗ ಸಾಂದ್ರತೆ. ನೀರಿನದು ಘನ ಮೀಟರಿಗೆ 1000 ಕೆಜಿ. ಗಾಳಿಯ 830 ಪಟ್ಟು. 830ರ ವರ್ಗಮೂಲ ಸುಮಾರು 29. ಹಾಗಾಗಿ ಹರಿಯುವ ನೀರಿನ ವೇಗವನ್ನು 29ರಿಂದ ಗುಣಿಸಿದರೆ ಅಷ್ಟೇ ಹೊಡೆತ ಕೊಡುವ ಗಾಳಿಯ ವೇಗ ಸಿಗುತ್ತದೆ. ಸೆಕೆಂಡಿಗೆ 2 ಮೀಟರ್ ಹರಿವು, ಅಂದರೆ ಗಂಟೆಗೆ 7.2 ಕಿಮೀ. ನಾವು ಬಿರುಸಾಗಿ ನಡೆಯುವಷ್ಟು ವೇಗ. ಅದರ ಗತಿ ಒತ್ತಡ 2000 ಪ್ಯಾಸ್ಕಲ್. ಗಾಳಿ ಅಷ್ಟು ಒತ್ತಬೇಕಾದರೆ ಗಂಟೆಗೆ 208 ಕಿಮೀ ಬೀಸಬೇಕು! 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಅವತ್ತು ರಸ್ತೆಯ ನೀರಿನಲ್ಲಿ ಮನೆಗೆ ನಡೆದವರಲ್ಲಿ ನಾನೂ ಒಬ್ಬ. ನಿಂತ ನೀರು ಸೊಂಟದವರೆಗೆ ಇದ್ದರೂ ನಡೆಯಬಹುದಿತ್ತು. ಒಂದು ಇಳಿಜಾರಿನಲ್ಲಿ ಮೊಣಕಾಲವರೆಗೆ ಮಾತ್ರ ನೀರಿತ್ತು, ಆದರೆ ಹರಿಯುತ್ತಿತ್ತು. ಅಲ್ಲಿ ಮುಂದಿನವರ ಹೆಗಲು ಹಿಡಿದು ಸಾಲಾಗಿ ದಾಟಿದೆವು. ಲೆಕ್ಕ ಹಾಕಿ ನೋಡಿ. ಎರಡು ಕಾಲು ಸೇರಿ ನೀರಿಗೆ ಅಡ್ಡ ನಿಲ್ಲುವ ಜಾಗ 0.12 ಚದರ ಮೀಟರ್ ಎನ್ನೋಣ. ಸೆಕೆಂಡಿಗೆ 1 ಮೀಟರ್ ಹರಿವಿಗೆ ಆರು ಕೆಜಿ ತಳ್ಳು. 2 ಮೀಟರಿಗೆ 24 ಕೆಜಿ, ಅದೂ ಕಾಲ ಬುಡದಲ್ಲಿ, ಕೆಳಗೆ ಜಾರುವ ರಸ್ತೆ. ಮಳೆಗಾಲದಲ್ಲಿ ನೀರು ಎಷ್ಟು ಆಳ ಇದೆ ಅಂತ ಎಲ್ಲರೂ ಕೇಳುತ್ತಾರೆ, ಎಷ್ಟು ಜೋರಾಗಿ ಹರಿಯುತ್ತಿದೆ ಅಂತ ಯಾರೂ ಕೇಳುವುದಿಲ್ಲ.

ನೀರಿನ ಗತಿ ಒತ್ತಡವನ್ನು ಕಣ್ಣಲ್ಲೇ ನೋಡಬಹುದು. ಊರಿನ ತೋಡಿಗೆ ಅಂಗೈ ಅಡ್ಡ ಹಿಡಿಯಿರಿ. ಹರಿವು ಬರುವ ಕಡೆ ನೀರು ಕೈಗೆ ಬಡಿದು ಮೇಲೆ ಏರುತ್ತದೆ. ಸೆಕೆಂಡಿಗೆ 1 ಮೀಟರ್ ಹರಿವಿಗೆ ಹೆಚ್ಚೆಂದರೆ 5 ಸೆಂಟಿಮೀಟರ್, 2 ಮೀಟರಿಗೆ 20. ಆ ಎತ್ತರವೇ ಗತಿ ಒತ್ತಡದ ಅಳತೆ. ಫ್ರಾನ್ಸಿನ ಎಂಜಿನಿಯರ್ ಆನ್ರಿ ಪಿಟೊ 1732ರಲ್ಲಿ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಮಾಡಿದ್ದು ಇದನ್ನೇ. ನೀರಿಗೆ ಒಂದು ನೇರ ಕೊಳವೆ, ಜೊತೆಗೆ ತುದಿ ಬಗ್ಗಿಸಿ ಹರಿವಿಗೆ ಎದುರು ಮಾಡಿದ ಕೊಳವೆ ಇಳಿಸಿದರು. ಬಗ್ಗಿದ ಕೊಳವೆಯ ಬಾಯಲ್ಲಿ ನೀರು ನಿಲ್ಲುತ್ತದೆ, ನಿಂತದ್ದಕ್ಕೆ ಮೇಲೇರುತ್ತದೆ. ನೇರ ಕೊಳವೆಯಲ್ಲಿ ನದಿಯ ಮಟ್ಟವೇ ಇರುತ್ತದೆ. ಎರಡರ ವ್ಯತ್ಯಾಸದಿಂದ ವೇಗ ಸಿಕ್ಕಿತು. ಹರಿವಿನ ಸಿದ್ಧಾಂತದ ಬಗ್ಗೆ ಡೇನಿಯಲ್ ಬರ್ನೂಲಿಯ ದೊಡ್ಡ ಪುಸ್ತಕ ಬಂದದ್ದು ಇದಾಗಿ ಆರು ವರ್ಷಕ್ಕೆ, 1738ರಲ್ಲಿ. ಕೆಲಸ ಮೊದಲು, ಸಿದ್ಧಾಂತ ಆಮೇಲೆ. ನನ್ನಂಥ ಟೆಕ್ನಿಷಿಯನ್‌ಗಳಿಗೆ ಇದರಲ್ಲಿ ಸ್ವಲ್ಪ ಖುಷಿ ಇದೆ.

ನಮ್ಮ ಫ್ಯಾಕ್ಟರಿಯಲ್ಲೂ ಅದೇ ಪಿಟೊ ಟ್ಯೂಬು. ಸ್ಟೀಲಿನ ಉದ್ದ ಕಡ್ಡಿ, ಮೂತಿಯಲ್ಲಿ ಒಂದು ತೂತು, ಪಕ್ಕದಲ್ಲಿ ಸಣ್ಣ ಸಣ್ಣ ತೂತುಗಳು. ಮೂತಿಯ ತೂತಿಗೆ ಎರಡೂ ಒತ್ತಡ ಸೇರಿ ಸಿಗುತ್ತದೆ. ಪಕ್ಕದ ತೂತಿಗೆ ಸ್ಥಿರ ಒತ್ತಡ ಮಾತ್ರ. ಎರಡಕ್ಕೂ ರಬ್ಬರ್ ಟ್ಯೂಬು ಸಿಕ್ಕಿಸಿ ಒತ್ತಡ ಅಳೆಯುವ ಮ್ಯಾನೊಮೀಟರಿಗೆ ಕೊಟ್ಟರೆ ಅಲ್ಲಿ ಕಾಣುವುದು ವ್ಯತ್ಯಾಸ, ಅಂದರೆ ಗತಿ ಒತ್ತಡ. ನಾವು ಪ್ಯಾಸ್ಕಲ್ ಅನ್ನುತ್ತಿರಲಿಲ್ಲ. "ಎಷ್ಟು ಎಂಎಂ?" ಅಂತ ಕೇಳುವುದು, ಎಷ್ಟು ಮಿಲಿಮೀಟರ್ ನೀರಿನ ಕಂಬ ಅಂತ. ಒಂದು ಎಂಎಂಗೆ 9.81 ಪ್ಯಾಸ್ಕಲ್.

ಸೇರಿದ ವರ್ಷ ಚಿಮಣಿಗೆ ಹೋಗುವ ಡಕ್ಟಿನಲ್ಲಿ ನಾನು 12 ಎಂಎಂ ಓದಿದೆ. 12 × 9.81, ಅಂದರೆ 118 ಪ್ಯಾಸ್ಕಲ್. ಎರಡರಿಂದ ಗುಣಿಸಿ, 1.2ರಿಂದ ಭಾಗಿಸಿ, ವರ್ಗಮೂಲ ತೆಗೆದು, ಸೆಕೆಂಡಿಗೆ 14 ಮೀಟರ್ ಅಂತ ಬರೆದು ಕೊಟ್ಟೆ. ಫೋರ್‌ಮನ್ ನನ್ನ ಕೈ ಹಿಡಿದು ಡಕ್ಟಿನ ಹತ್ತಿರ ತಂದು, ಮುಟ್ಟಿಸದೆ ಬಿಟ್ಟರು. ಒಳಗೆ 150 ಡಿಗ್ರಿ. ಬಿಸಿಯಾದ ಗಾಳಿ ಹಿಗ್ಗುತ್ತದೆ, ಹಗುರಾಗುತ್ತದೆ. ಅದರ ಸಾಂದ್ರತೆ 0.83 ಮಾತ್ರ. ಹಗುರ ಗಾಳಿ ಅದೇ 12 ಎಂಎಂ ತೋರಿಸಬೇಕಾದರೆ ಹೆಚ್ಚು ಓಡಬೇಕು. ನಿಜವಾದ ವೇಗ 16.8 ಮೀಟರ್. ಸೂತ್ರ ಸರಿ, ಗುಣಾಕಾರ ಸರಿ, ಆದರೆ ಯಾವ ಗಾಳಿ ಅಂತ ನಾನು ಕೇಳಿರಲಿಲ್ಲ.

ಇನ್ನೊಂದು ಸೂಕ್ಷ್ಮ ಇದೆ, ಪುಸ್ತಕದಲ್ಲಿ ಇರುವುದು ಕಡಿಮೆ. ಡಕ್ಟಿನ ನಡುವೆ ಗಾಳಿ ಜೋರು, ಗೋಡೆಯ ಹತ್ತಿರ ನಿಧಾನ. ಒಂದು ಕಡೆ ಓದಿದರೆ ಸಾಲದು, ಹಲವು ಕಡೆ ಓದಿ ಸರಾಸರಿ ತೆಗೆಯಬೇಕು. ಯಾವುದರ ಸರಾಸರಿ? ಮೂರು ಕಡೆ 4, 9, 16 ಎಂಎಂ ಬಂತು ಎನ್ನಿ. ಓದಿದ್ದರ ಸರಾಸರಿ 9.67. ಅದರ ವರ್ಗಮೂಲ 3.11. ಆದರೆ ವೇಗ ಹೋಗುವುದು ವರ್ಗಮೂಲದ ಲೆಕ್ಕದಲ್ಲಿ. ಮೊದಲೇ ವರ್ಗಮೂಲ ತೆಗೆದರೆ 2, 3, 4. ಸರಾಸರಿ 3. ಎರಡನೆಯದು ಸರಿ. ಮೊದಲನೆಯ ದಾರಿ ಹಿಡಿದರೆ ಇಲ್ಲದ ಗಾಳಿಯೂ ಲೆಕ್ಕಕ್ಕೆ ಬಂದುಬಿಡುತ್ತದೆ. ವರ್ಷಗಟ್ಟಲೆ ಹಾಗೆ ಬರೆದ ರಿಜಿಸ್ಟರುಗಳನ್ನು ನೋಡಿದ್ದೇನೆ.

ವಿಮಾನದ ಮೂತಿಯ ಹತ್ತಿರ ಸಣ್ಣ ಕೊಳವೆ ಚಾಚಿರುತ್ತದಲ್ಲ, ಅದೂ ಪಿಟೊ ಟ್ಯೂಬೇ. ಪೈಲಟ್ ಎದುರಿನ ವೇಗದ ಮುಳ್ಳು ತಿರುಗುವುದು ಗತಿ ಒತ್ತಡದಿಂದ. 11 ಕಿಮೀ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕೆಳಗಿನದರ ಮೂರನೇ ಒಂದು ಭಾಗವೂ ಇಲ್ಲ. ಅದೇ ಮುಳ್ಳು ಅದೇ ಜಾಗದಲ್ಲಿರಬೇಕಾದರೆ ವಿಮಾನ ಅಲ್ಲಿ ಸುಮಾರು 1.8 ಪಟ್ಟು ವೇಗವಾಗಿ ಹಾರುತ್ತಿರಬೇಕು. ಆ ಕೊಳವೆಯ ಬಾಯಿ ಕಟ್ಟಿದರೆ ಅಪಾಯ. 2009ರಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447 ವಿಮಾನದ ಕಥೆ ಶುರುವಾದದ್ದು ಪಿಟೊ ಟ್ಯೂಬಿಗೆ ಮಂಜುಗಡ್ಡೆ ಕಟ್ಟಿದ್ದರಿಂದ. ವಿಮಾನದಷ್ಟು ವೇಗದಲ್ಲಿ ಗಾಳಿ ಕುಗ್ಗತೊಡಗುವುದರಿಂದ ಲೆಕ್ಕವೂ ಬೇರೆ ಆಗುತ್ತದೆ. ಸೆಕೆಂಡಿಗೆ 100 ಮೀಟರ್ ಒಳಗಿನ ಗಾಳಿಗೆ ನಮ್ಮ ಸೂತ್ರ ಧಾರಾಳ ಸಾಕು.

ಟೆರೇಸಿಗೆ ಬರೋಣ. ಎಷ್ಟು ಗಾಳಿ ಅಂತ ಹಿಡಿಯುವುದು? ಇದಕ್ಕೆ ನಮ್ಮ ದೇಶದ ಕಟ್ಟಡ ನಿಯಮವೇ ಇದೆ, ಐಎಸ್ 875ರ ಮೂರನೇ ಭಾಗ. ಊರೂರಿಗೆ ಮೂಲ ವೇಗ ಕೊಟ್ಟಿದ್ದಾರೆ. ಬಯಲಿನಲ್ಲಿ ನೆಲದಿಂದ 10 ಮೀಟರ್ ಎತ್ತರದಲ್ಲಿ ಮೂರು ಸೆಕೆಂಡು ಬೀಸುವ ಬೀಸಿನ ವೇಗ, ಸರಾಸರಿ 50 ವರ್ಷಕ್ಕೊಮ್ಮೆ ಬರುವಂಥದ್ದು. ಮುಂಬೈಗೆ ಸೆಕೆಂಡಿಗೆ 44 ಮೀಟರ್. ಪುಣೆ ಮತ್ತು ಪಣಜಿಗೆ 39, ಮಂಗಳೂರಿಗೂ 39, ಬೆಂಗಳೂರಿಗೆ 33. ಆಮೇಲೆ ಎತ್ತರ, ಸುತ್ತಲಿನ ಕಟ್ಟಡ ನೋಡಿ ಹೆಚ್ಚುಕಡಿಮೆ ಮಾಡುತ್ತಾರೆ. ಒತ್ತಡದ ಸೂತ್ರ ಅಲ್ಲಿ 0.6 × ವೇಗ × ವೇಗ. ಆ 0.6 ಎಲ್ಲಿಂದ ಬಂತು ಅಂತ ಹುಡುಗಿಗೆ ಕೇಳಿದೆ. ಅವಳು ನಕ್ಕಳು. 1.2ರ ಅರ್ಧ! ಬೆಂಗಳೂರಿಗಿಂತ ಮುಂಬೈ ವೇಗ ಮೂರನೇ ಒಂದು ಭಾಗ ಮಾತ್ರ ಜಾಸ್ತಿ. ಒತ್ತಡ ಮಾತ್ರ ಸುಮಾರು 1.8 ಪಟ್ಟು. ಬೆಂಗಳೂರಿನ ಬಾಮೈದ ಹಾಕಿಸಿದ ಶೆಡ್ಡಿನ ಫೋಟೋ ತೋರಿಸಿ ಹಾಗೇ ಮಾಡಿ ಅನ್ನುವವರು ಇದನ್ನು ನೋಡಬೇಕು.

44 ಮೀಟರಿಗೆ ಲೆಕ್ಕ ಹಾಕಿದರೆ 1160 ಪ್ಯಾಸ್ಕಲ್. ಚದರ ಮೀಟರಿಗೆ 118 ಕೆಜಿ. 2024ರ ಮೇ 13ರಂದು ಘಾಟ್‌ಕೋಪರ್‌ನಲ್ಲಿ ಬಿರುಗಾಳಿಗೆ ಜಾಹೀರಾತಿನ ಹೋರ್ಡಿಂಗ್ ಪೆಟ್ರೋಲ್ ಪಂಪಿನ ಮೇಲೆ ಬಿದ್ದು 17 ಜನ ಸತ್ತರು. ಅದು 120 ಅಡಿಗೆ 120 ಅಡಿ ಅಂತ ಪತ್ರಿಕೆಗಳಲ್ಲಿ ಬಂತು. ಅಂದರೆ 1338 ಚದರ ಮೀಟರ್. ಅಷ್ಟು ದೊಡ್ಡ ಹಲಗೆಗೆ ಎದುರಿನಿಂದ 60 ಕಿಮೀ ಗಾಳಿ ಬಂದರೂ 22 ಟನ್ ದಾಟುತ್ತದೆ. 90 ಕಿಮೀಗೆ 51 ಟನ್. ನಿಯಮದ 44 ಮೀಟರಿಗೆ 158 ಟನ್. ಅವತ್ತು ಅಲ್ಲಿ ಯಾವುದು ಮೊದಲು ಸೋತಿತು ಅನ್ನುವುದು ಬೇರೆ ವಿಷಯ. ಹಲಗೆ ಎಷ್ಟು ದೊಡ್ಡದು ಅನ್ನುವ ತೀರ್ಮಾನ ಜಾಹೀರಾತಿನವರದಲ್ಲ, ಗಾಳಿಯದು.

ಆದರೆ ಹೋರ್ಡಿಂಗ್ ನಿಂತಿರುತ್ತದೆ, ಪತ್ರಾ ಮಲಗಿರುತ್ತದೆ. ಗಾಳಿ ಅಡ್ಡ ಬೀಸುವಾಗ ಮಲಗಿದ ತಗಡು ಮೇಲಕ್ಕೆ ಯಾಕೆ ಹಾರಬೇಕು? ಅಂಚನ್ನು ದಾಟುವಾಗ ಗಾಳಿ ಇರುಕಿನಲ್ಲಿ ನುಸುಳಿದಂತೆ ವೇಗ ಪಡೆಯುತ್ತದೆ. ಓಟ ಹೆಚ್ಚಾದಲ್ಲಿ ಸ್ಥಿರ ಒತ್ತಡ ಇಳಿಯುತ್ತದೆ. ಬರ್ನೂಲಿ ಹೇಳಿದ್ದು ಅದನ್ನೇ, ಅಣ್ಣ ತಮ್ಮ ಇಬ್ಬರ ಪಾಲು ಸೇರಿ ಮೊತ್ತ ಒಂದೇ. ಮೇಲೆ ಒತ್ತಡ ಇಳಿಯಿತು, ಕೆಳಗೆ ತೆರೆದ ಶೆಡ್ಡಿನೊಳಗೆ ನುಗ್ಗಿದ ಗಾಳಿ ತಡೆ ಸಿಕ್ಕಿ ಮೇಲಕ್ಕೆ ತಳ್ಳುತ್ತದೆ. ಎರಡೂ ಸೇರಿ ಪತ್ರಾ ಏಳುತ್ತದೆ. ಎಷ್ಟು ಏಳುತ್ತದೆ ಅನ್ನುವುದು ಆಕಾರದ ಮೇಲೆ. ಎಂಜಿನಿಯರುಗಳು ಗತಿ ಒತ್ತಡವನ್ನು ಕೋಲಿನ ಹಾಗೆ ಇಟ್ಟುಕೊಂಡು, ಈ ಆಕಾರಕ್ಕೆ ಅದರ 0.8 ಪಟ್ಟು, ಆ ಮೂಲೆಗೆ 1.4 ಪಟ್ಟು ಅಂತ ಅಳೆಯುತ್ತಾರೆ. ನಮ್ಮ ಅಂದಾಜಿಗೆ ಒಂದು ಪಟ್ಟು ಎನ್ನೋಣ.

ಈಗ "ವಜನ್‌ದಾರ್" ಅನ್ನುವ ಮಾತು. ಅರ್ಧ ಮಿಲಿಮೀಟರ್ ದಪ್ಪದ ತಗಡು ಚದರ ಮೀಟರಿಗೆ ಹೆಚ್ಚೆಂದರೆ 5 ಕೆಜಿ. ಅಂದರೆ 49 ಪ್ಯಾಸ್ಕಲ್. ಗಾಳಿಯ ಒತ್ತಡ ಅಷ್ಟಾಗಲು ಸೆಕೆಂಡಿಗೆ 9 ಮೀಟರ್ ವೇಗ ಸಾಕು. ಗಂಟೆಗೆ 33 ಕಿಮೀ! ಪೈಪು, ಚೌಕಟ್ಟು ಎಲ್ಲ ಸೇರಿಸಿ ಚದರ ಮೀಟರಿಗೆ 10 ಕೆಜಿ ಮಾಡಿದರೂ 46 ಕಿಮೀ. ಜೂನಿನ ಸಾಧಾರಣ ಮಳೆಗಾಳಿ. ಭಾರ ಏನನ್ನೂ ಹಿಡಿದಿಟ್ಟುಕೊಂಡಿಲ್ಲ, ಇಷ್ಟು ವರ್ಷ ಹಿಡಿದದ್ದು ಬೋಲ್ಟು.

ಮುಂದಿನ ಭಾನುವಾರದ ಮೀಟಿಂಗಿಗೆ ಇದೇ ಕಾಗದ ತೆಗೆದುಕೊಂಡು ಹೋದೆ. ಶೆಡ್ಡಿನ ಕಾಲುಗಳು ಮೂರು ಮೀಟರಿಗೆ ಒಂದೊಂದು. ಒಂದು ಕಾಲಿನ ಪಾಲಿಗೆ 9 ಚದರ ಮೀಟರ್ ಪತ್ರಾ. 118 × 9, ಸುಮಾರು 1060 ಕೆಜಿ ಮೇಲಕ್ಕೆ. ಅದರ ಸ್ವಂತ ಭಾರ 90 ಕೆಜಿ ಕಳೆಯಿರಿ. ಉಳಿದದ್ದು 970. "ಒಂದೊಂದು ಕಾಲಿಗೂ ಒಂದೊಂದು ಸಣ್ಣ ಕಾರು ಕಟ್ಟಿ ಮೇಲಕ್ಕೆ ಎಳೆದ ಹಾಗೆ" ಅಂದೆ. ಕಾಂಟ್ರ್ಯಾಕ್ಟರ್ ಈ ಸಲ ನಗಲಿಲ್ಲ. ಬೋಲ್ಟಿನ ದಪ್ಪ ಹೆಚ್ಚಿಸುತ್ತೇನೆ ಕಾಕಾ ಅಂದ. ಎಲ್ಲರೂ ಟೆರೇಸಿಗೆ ಹೋದೆವು. ಹಳೆಯ ಕಾಲುಗಳ ಬುಡ ನೋಡಿದೆವು. ಬೋಲ್ಟು ದಪ್ಪವೇ ಇತ್ತು. ಅದನ್ನು ಕೂರಿಸಿದ್ದು ಮಾತ್ರ ಪ್ಯಾರಾಪೆಟ್ ಗೋಡೆಯ ಇಟ್ಟಿಗೆಗೆ. ಕೈಯಲ್ಲಿ ಅಲುಗಿಸಿದರೆ ಸಿಮೆಂಟಿನ ಪುಡಿ ಉದುರುತ್ತಿತ್ತು. ಸೆಕ್ರೆಟರಿ ಅಲ್ಲೇ ನಿಂತು ಸ್ಟ್ರಕ್ಚರಲ್ ಎಂಜಿನಿಯರಿಗೆ ಫೋನು ಹಚ್ಚಿದರು.